ಹುಲ್ಲಿನ ಬುಡದ ಜೀವಲೋಕ: ರಾಸಾಯನಿಕ ಗೊಬ್ಬರ ಮತ್ತು ನಮ್ಮ ಮೇವಿನ ಮಣ್ಣು

ಶಾಲೆಯೊಂದರ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಹುಲ್ಲು, ಗೊಬ್ಬರ, ಎರೆಹುಳುಗಳ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಐವತ್ತು ವರ್ಷವೆಂದರೆ ಒಂದು ವಿದ್ಯಾಸಂಸ್ಥೆ ಹಿಂದಿರುಗಿ ನೋಡಿ ಲಾಭನಷ್ಟಗಳ ಲೆಕ್ಕ ತೆಗೆಯಲು ತಕ್ಕ ಅವಧಿ. ಮಣ್ಣಿನ ವಿಷಯದಲ್ಲಿಯೂ ಹಾಗೆಯೇ. ಈ ವರ್ಷ ಹಾಕಿದ ಗೊಬ್ಬರದ ಫಲವನ್ನು ಈ ವರ್ಷದ ಬೆಳೆಯೇ ಹೇಳುತ್ತದೆ. ಮೂವತ್ತು ನಲುವತ್ತು ವರ್ಷ ಎಡೆಬಿಡದೆ ಹಾಕಿದ ಗೊಬ್ಬರದ ಫಲವನ್ನು ಮಣ್ಣು ಮಾತ್ರ ಹೇಳಬಲ್ಲದು. ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳಲ್ಲಿ ಬಹುಮಂದಿ ಹಟ್ಟಿಯಲ್ಲಿ ದನ ಕಟ್ಟಿದ ಮನೆಗಳಿಂದ ಬಂದವರು. ಹಾಲು ಮಾರಿದ ಹಣದಿಂದ ಪುಸ್ತಕ ಕೊಂಡವರೂ ಅವರಲ್ಲಿದ್ದಾರೆ. ಆ ಹಾಲಿನ ಮೂಲ ಹುಲ್ಲಿನಲ್ಲಿ, ಹುಲ್ಲಿನ ಮೂಲ ಮಣ್ಣಿನಲ್ಲಿ. ಆದುದರಿಂದ ಈ ಪಾಠ ಇಲ್ಲಿಗೆ ಸಲ್ಲದ್ದೇನೂ ಅಲ್ಲ.

ಮುಳಿಹುಲ್ಲಿನಿಂದ ನೇಪಿಯರಿಗೆ

ಹಿಂದೆ ನಮ್ಮ ಕಾಸರಗೋಡು ಸೀಮೆಯಲ್ಲಿ ಮೇವಿಗೆಂದು ಪ್ರತ್ಯೇಕವಾಗಿ ಬೆಳೆ ಬೆಳೆಸುವ ಪದ್ಧತಿ ಇರಲಿಲ್ಲ. ಗುಡ್ಡೆ ಪದವುಗಳ ಹುಲ್ಲು, ಕುಮ್ಕಿ ಜಾಗದ ಸೊಪ್ಪು, ಬೈಲುಗದ್ದೆಯ ಬೈಹುಲ್ಲು ಇವುಗಳಿಂದಲೇ ದನಕರುಗಳ ಹೊಟ್ಟೆ ತುಂಬುತ್ತಿತ್ತು. ಮೈ ಚಿಕ್ಕದಾದ, ತಿನ್ನುವುದೂ ಕಡಿಮೆಯಾದ ಕಾಸರಗೋಡು ಗಿಡ್ಡ ತಳಿಗೆ ಅಷ್ಟು ಸಾಕಾಗುತ್ತಿತ್ತು. ಆ ತಳಿಯನ್ನು ಉಳಿಸುವುದಕ್ಕಾಗಿಯೇ ಇಂದು ಬದಿಯಡ್ಕದ ಬಳಿಯ ಬೇಳದಲ್ಲಿ ಸರಕಾರಿ ಕ್ಷೇತ್ರವೊಂದಿದೆ.

ಅನಂತರ ಮಿಶ್ರತಳಿಯ ಹಸುಗಳು ಬಂದವು. ಹಾಲು ಸೊಸೈಟಿಗಳು ಬಂದವು. ಗದ್ದೆಗಳು ಅಡಿಕೆ ತೋಟಗಳಾದವು, ಬೈಹುಲ್ಲು ಕಡಿಮೆಯಾಯಿತು. ಗುಡ್ಡೆಗಳಲ್ಲಿ ಗೇರು, ರಬ್ಬರು ಎದ್ದು ನಿಂತವು. ಆಗ ಹಟ್ಟಿಯ ಹಿಂದಿನ ಇಪ್ಪತ್ತೋ ಇಪ್ಪತ್ತೈದೋ ಸೆಂಟ್ಸ್ ಜಾಗದಲ್ಲಿ, ಇಲ್ಲವೇ ತೆಂಗಿನ ಮರಗಳ ನಡುವೆ, ಹುಲ್ಲು ನೆಡುವ ಕಾಲ ಬಂತು. ಗಿನಿ ಹುಲ್ಲು, ಸಜ್ಜೆ ಮತ್ತು ನೇಪಿಯರ್ ಹುಲ್ಲುಗಳ ಸಂಕರವಾದ ಹೈಬ್ರಿಡ್ ನೇಪಿಯರ್, ಅದರಲ್ಲಿಯೂ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾನಿಲಯ ಹೊರತಂದ ಸಿ.ಒ. 3, ಸಿ.ಒ. 4 ಮೊದಲಾದ ತಳಿಗಳು ಮನೆಮನೆಗೆ ಬಂದವು. ಒಮ್ಮೆ ಕಾಂಡದ ತುಂಡು ನೆಟ್ಟರೆ ಮೂರು ನಾಲ್ಕು ವರ್ಷ ಕೊಯ್ಲು; ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಆಳೆತ್ತರದ ಮೇವು. ಕೊಯ್ದ ಮರುದಿನ ಒಂದು ಹಿಡಿ ಯೂರಿಯಾ ಎಸೆದರೆ ಹುಲ್ಲು ಕಪ್ಪು ಹಸುರಾಗಿ ಮೇಲೇಳುತ್ತದೆ. ಈ ಸುಲಭೋಪಾಯ ಎಲ್ಲರಿಗೂ ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ.

ರಾಸಾಯನಿಕ ಗೊಬ್ಬರವೇನೂ ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದುದಲ್ಲ. ಆಲುವಾಯಿಯ ಬಳಿಯ ಎಫ್.ಎ.ಸಿ.ಟಿ. ಕಾರ್ಖಾನೆ 1947ರಲ್ಲಿಯೇ ಅಮೋನಿಯಂ ಸಲ್ಫೇಟ್ ತಯಾರಿಸತೊಡಗಿತು. ಮಂಗಳೂರಿನ ಪಣಂಬೂರಿನ ಕಾರ್ಖಾನೆಯಿಂದ 1976ರಲ್ಲಿ ಯೂರಿಯಾ ಬರತೊಡಗಿತು. ಅಂದರೆ ಎರಡು ತಲೆಮಾರುಗಳ ಕಾಲ ನಮ್ಮ ಮಣ್ಣು ಈ ಲವಣಗಳನ್ನು ಉಂಡಿದೆ. ಅದರಿಂದ ಮಣ್ಣಿನೊಳಗಿನ ಜೀವಗಳಿಗೆ ಏನಾಯಿತು ಎಂಬುದೇ ಇಲ್ಲಿಯ ಪ್ರಶ್ನೆ.

ಮಣ್ಣಿನೊಳಗಿನ ದುಡಿಮೆಗಾರರು

ಮಣ್ಣು ಕೇವಲ ಕಲ್ಲಿನ ಪುಡಿಯಲ್ಲ. ಒಳ್ಳೆಯ ಮಣ್ಣಿನ ಒಂದು ಗ್ರಾಮಿನಲ್ಲಿ ಹತ್ತಾರು ಕೋಟಿಯಿಂದ ನೂರಾರು ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಇವುಗಳ ಜೊತೆಗೆ ಶಿಲೀಂಧ್ರಗಳು, ಏಕಕೋಶ ಜೀವಿಗಳು, ಕಣ್ಣಿಗೆ ಕಾಣದ ಜಂತುಗಳು, ಗೆದ್ದಲು, ಎರೆಹುಳು. ಬಿದ್ದ ಎಲೆ, ಸತ್ತ ಬೇರು, ಸೆಗಣಿ ಇವುಗಳನ್ನು ಕೊಳೆಯಿಸಿ ಗಿಡಕ್ಕೆ ಬೇಕಾದ ಆಹಾರವಾಗಿ ಮಾರ್ಪಡಿಸುವವರು ಇವರೇ. ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಎರೆಹುಳುಗಳ ಕುರಿತಾಗಿಯೇ ಒಂದು ಗ್ರಂಥವನ್ನು ಪ್ರಕಟಿಸಿದನು. ಇಂಗ್ಲೆಂಡಿನ ಅನೇಕ ಕಡೆಗಳಲ್ಲಿ ಒಂದು ಎಕರೆಯಲ್ಲಿ ವರ್ಷಕ್ಕೆ ಹತ್ತು ಟನ್ನಿಗೂ ಮಿಕ್ಕಿದ ಮಣ್ಣು ಎರೆಹುಳುಗಳ ಹೊಟ್ಟೆಯ ಮೂಲಕ ಹಾದುಬರುತ್ತದೆ ಎಂಬುದು ಅವನ ಲೆಕ್ಕ.

ಹುಲ್ಲಿಗೂ ಈ ಜೀವಿಗಳಿಗೂ ವಿಶೇಷವಾದ ನಂಟಿದೆ. ಹುಲ್ಲಿನ ಬೇರು ತಾನು ತಯಾರಿಸಿದ ಸಕ್ಕರೆಯ ಒಂದಂಶವನ್ನು ಮಣ್ಣಿಗೆ ಸ್ರವಿಸಿ ಸೂಕ್ಷ್ಮಜೀವಿಗಳಿಗೆ ಉಣಿಸುತ್ತದೆ. ಅವು ಪ್ರತಿಯಾಗಿ ಪೋಷಕಾಂಶಗಳನ್ನು ಒದಗಿಸುತ್ತವೆ. ಗಾಳಿಯ ಸಾರಜನಕವನ್ನು ಹಿಡಿದಿಡುವ ಶಕ್ತಿ ಅಲಸಂಡೆಯಂತಹ ದ್ವಿದಳ ಸಸ್ಯಗಳ ಬೇರಿನ ಗಂಟುಗಳಿಗೆ ಮಾತ್ರ ಮೀಸಲಲ್ಲ. ಹುಲ್ಲುಗಳ ಬೇರಿನ ಸುತ್ತಲೂ ಅಂತಹ ಬ್ಯಾಕ್ಟೀರಿಯಾಗಳಿವೆ ಎಂದು ಬ್ರೆಜಿಲಿನ ವಿಜ್ಞಾನಿ ಯೊಹಾನ್ನಾ ಡೋಬರೈನರ್ 1960 ಮತ್ತು 1970ರ ದಶಕಗಳಲ್ಲಿ ತೋರಿಸಿಕೊಟ್ಟರು. ಇಂದು ಕೃಷಿ ಭವನಗಳಲ್ಲಿ ಕೇಳಿಬರುವ ಅಜೋಸ್ಪಿರಿಲಮ್ ಎಂಬ ಜೀವಾಣು ಗೊಬ್ಬರ ಆ ಶೋಧದ ಫಲ. ಇನ್ನು ಮೈಕೊರೈಜಾ ಎಂಬ ಶಿಲೀಂಧ್ರ ಬೇರಿನೊಳಗೆ ಸೇರಿಕೊಂಡು, ನೂಲಿಗಿಂತಲೂ ಸಣ್ಣ ಎಳೆಗಳನ್ನು ದೂರದವರೆಗೆ ಚಾಚಿ, ಬೇರಿಗೆ ನಿಲುಕದ ರಂಜಕವನ್ನು ತಂದುಕೊಡುತ್ತದೆ.

ಬೇಡಿದ್ದು ಚೀಲದಿಂದಲೇ ದೊರೆಯುವಾಗ ಗಿಡ ಈ ಕೂಲಿಯಾಳುಗಳನ್ನು ಸಾಕುವುದನ್ನು ಕಡಿಮೆ ಮಾಡುತ್ತದೆ. ಸಾರಜನಕ ಹೇರಳವಾದಲ್ಲಿ ದ್ವಿದಳ ಸಸ್ಯದ ಬೇರಿನ ಗಂಟುಗಳು ಕಡಿಮೆಯಾಗುತ್ತವೆ. ರಂಜಕ ಹೇರಳವಾದಲ್ಲಿ ಮೈಕೊರೈಜಾ ಹಿಂದೆ ಸರಿಯುತ್ತದೆ. ಕೇರಳದಲ್ಲಿ 2010ರ ಅನಂತರ ರಾಜ್ಯವ್ಯಾಪಿಯಾಗಿ ನಡೆದ ಮಣ್ಣು ಪರೀಕ್ಷೆಗಳಲ್ಲಿ ಬಹುಪಾಲು ಮಣ್ಣು ಹುಳಿಯಾಗಿರುವುದೂ, ಅನೇಕ ಕಡೆ ರಂಜಕ ಅಗತ್ಯಕ್ಕಿಂತ ಹೆಚ್ಚಾಗಿರುವುದೂ, ಮೆಗ್ನೀಸಿಯಂ ಮತ್ತು ಬೋರಾನ್ ಕೊರತೆಯೂ ಕಂಡುಬಂದಿವೆ.

ವಿಷವೆಂಬ ತಪ್ಪು ಕಲ್ಪನೆ

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ರಾಸಾಯನಿಕವೆಂದೊಡನೆ ನಮ್ಮ ಜಿಲ್ಲೆಯವರಿಗೆ ನೆನಪಾಗುವುದು ಎಂಡೋಸಲ್ಫಾನ್. 2000ದವರೆಗೆ ಗೇರು ತೋಟಗಳ ಮೇಲೆ ವಿಮಾನದಿಂದ ಸಿಂಪಡಿಸಿದ ಆ ವಿಷ ಎಣ್ಮಕಜೆ ಮೊದಲಾದ ಗ್ರಾಮಗಳಲ್ಲಿ ಉಳಿಸಿಹೋದ ಸಂಕಟ ಇನ್ನೂ ಮುಗಿದಿಲ್ಲ. ಆದರೆ ಕೀಟನಾಶಕವೇ ಬೇರೆ, ಗೊಬ್ಬರವೇ ಬೇರೆ. ಕೊಲ್ಲುವುದಕ್ಕೆಂದೇ ತಯಾರಾದ ವಸ್ತು ಮೊದಲಿನದು. ಗಿಡದ ಆಹಾರ ಎರಡನೆಯದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಲೋಕದ 64 ದೀರ್ಘಾವಧಿ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ, 2014ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಹೇಳಿದುದು ಅನೇಕರಿಗೆ ಅನಿರೀಕ್ಷಿತವಾಗಿತ್ತು. ಏನನ್ನೂ ಹಾಕದ ಹೊಲಕ್ಕಿಂತ ರಾಸಾಯನಿಕ ಗೊಬ್ಬರ ಹಾಕಿದ ಹೊಲದಲ್ಲಿ ಸೂಕ್ಷ್ಮಜೀವಿಗಳ ಒಟ್ಟು ರಾಶಿ ಸರಾಸರಿ ಶೇಕಡಾ 15ರಷ್ಟು ಹೆಚ್ಚೇ ಇತ್ತು. ಬೆಳೆ ಹುಲುಸಾದರೆ ಬೇರೂ ಹುಲುಸು. ಬೇರು ಹುಲುಸಾದರೆ ಸೂಕ್ಷ್ಮಜೀವಿಗಳಿಗೂ ಊಟ ಹೆಚ್ಚು. ಆದರೆ ಅದೇ ಸಮೀಕ್ಷೆ ಇನ್ನೊಂದು ಮಾತನ್ನೂ ಹೇಳಿತು: ಈ ಲಾಭ ಮಣ್ಣಿನ ರಸಸಾರ ತಟಸ್ಥವಾದ 7ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಮೇಲಿದ್ದಾಗ ಹೆಚ್ಚು, ರಸಸಾರ 5ಕ್ಕಿಂತ ಕೆಳಗಿಳಿದ ಹುಳಿ ಮಣ್ಣಿನಲ್ಲಿ ಗೊಬ್ಬರದಿಂದ ಜೀವಿಗಳು ಕಡಿಮೆಯಾದವು. ನಮ್ಮದು ಹುಟ್ಟಿನಿಂದಲೇ ಹುಳಿಯತ್ತ ವಾಲಿದ ಮುರಕಲ್ಲಿನ ಮಣ್ಣು ಎಂಬುದನ್ನು ಇಲ್ಲಿ ನೆನೆಯಬೇಕು.

ಹುಳಿಯೇರುವ ಬಗೆ

ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಮುರಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಲೋಕವೆಲ್ಲ ಇಂದು ಬಳಸುವ ಹೆಸರು ಅದೇ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಸಾವಿರಾರು ವರ್ಷಗಳಿಂದ ಸುಣ್ಣ, ಮೆಗ್ನೀಸಿಯಂ ಮೊದಲಾದ ಕ್ಷಾರಾಂಶಗಳನ್ನು ತೊಳೆದು ಕಡಲಿಗೆ ಒಯ್ದ ಮೇಲೆ ಉಳಿದ ಕಬ್ಬಿಣ ಮತ್ತು ಅಲ್ಯೂಮಿನಿಯಮಿನ ಗಟ್ಟಿಯೇ ನಮ್ಮ ಮುರಕಲ್ಲು.

ಇಂತಹ ಮಣ್ಣಿಗೆ ಅಮೋನಿಯಂ ರೂಪದ ಸಾರಜನಕ ಹಾಕಿದಾಗ ಏನಾಗುತ್ತದೆ? ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ಅಮೋನಿಯಮನ್ನು ನೈಟ್ರೇಟಾಗಿ ಪರಿವರ್ತಿಸುತ್ತವೆ. ಈ ಪರಿವರ್ತನೆಯಲ್ಲಿ ಆಮ್ಲ ಹುಟ್ಟುತ್ತದೆ. ನೈಟ್ರೇಟಿನ ಒಂದಂಶ ಬೇರಿಗೆ ಸೇರಿದರೆ ಉಳಿದುದು ಮಳೆನೀರಿನೊಡನೆ ಕೆಳಗಿಳಿಯುತ್ತದೆ, ಇಳಿಯುವಾಗ ಸುಣ್ಣವನ್ನೂ ಮೆಗ್ನೀಸಿಯಮನ್ನೂ ಕೈಹಿಡಿದು ಕರೆದೊಯ್ಯುತ್ತದೆ. ಆಮ್ಲ ಮಾತ್ರ ಹಿಂದೆ ಉಳಿಯುತ್ತದೆ. 100 ಕಿಲೋ ಅಮೋನಿಯಂ ಸಲ್ಫೇಟಿನ ಹುಳಿಯನ್ನು ನೀಗಿಸಲು ಸುಮಾರು 110 ಕಿಲೋ ಸುಣ್ಣಕಲ್ಲಿನ ಪುಡಿ ಬೇಕು. 100 ಕಿಲೋ ಯೂರಿಯಾಕ್ಕೆ ಸುಮಾರು 80 ಕಿಲೋ. ಯೂರಿಯಾದಲ್ಲಿ ಸಾರಜನಕ ಶೇಕಡಾ 46, ಅಮೋನಿಯಂ ಸಲ್ಫೇಟಿನಲ್ಲಿ ಸುಮಾರು 21. ಆದುದರಿಂದ ಅಷ್ಟೇ ಸಾರಜನಕಕ್ಕೆ ಎರಡನೆಯದರ ಹುಳಿ ಮೊದಲಿನದರ ಸುಮಾರು ಮೂರು ಪಟ್ಟು.

ರಸಸಾರ 5.5ಕ್ಕಿಂತ ಕೆಳಗಿಳಿದಂತೆ ಅಲ್ಯೂಮಿನಿಯಂ ಕರಗತೊಡಗಿ ಬೇರಿನ ತುದಿಗಳನ್ನು ಮೊಂಡಾಗಿಸುತ್ತದೆ. ಬೇರಿನ ಗಂಟುಗಳ ಬ್ಯಾಕ್ಟೀರಿಯಾಗಳು ಸೊರಗುತ್ತವೆ. ಎರೆಹುಳುಗಳು ಜಾಗ ಬಿಡುತ್ತವೆ. ಕೊಳೆಯುವ ಕ್ರಿಯೆ ನಿಧಾನವಾಗುತ್ತದೆ. ಇದೆಲ್ಲ ಸದ್ದಿಲ್ಲದೆ ನಡೆಯುವ ಕಾರ್ಯ. ಮೇಲೆ ಹುಲ್ಲು ಇನ್ನೂ ಹಸುರಾಗಿಯೇ ಇರುತ್ತದೆ.

ನೂರೈವತ್ತು ವರ್ಷ ಮೀರಿದ ಒಂದು ಪಾಠ

ಹುಲ್ಲಿನ ಮಟ್ಟಿಗೆ ಇದರ ಅತ್ಯುತ್ತಮ ಸಾಕ್ಷಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿದೆ. ಲಾಸ್ ಮತ್ತು ಗಿಲ್ಬರ್ಟ್ ಎಂಬವರು 1856ರಲ್ಲಿ ಅಲ್ಲಿಯ ಒಂದು ಹುಲ್ಲುಗಾವಲನ್ನು ತಾಕುಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ವರ್ಷವರ್ಷವೂ ಒಂದೊಂದು ಬಗೆಯ ಗೊಬ್ಬರವನ್ನು ಹಾಕತೊಡಗಿದರು. ಪಾರ್ಕ್ ಗ್ರಾಸ್ ಎಂಬ ಹೆಸರಿನ ಆ ಪ್ರಯೋಗ ಇಂದಿಗೂ ನಿಂತಿಲ್ಲ. ಏನನ್ನೂ ಹಾಕದ ತಾಕುಗಳಲ್ಲಿ ಸುಮಾರು ನಲುವತ್ತು ಜಾತಿಯ ಸಸ್ಯಗಳಿವೆ. ಅಮೋನಿಯಂ ಸಲ್ಫೇಟನ್ನು ಅಧಿಕವಾಗಿ ಹಾಕುತ್ತ, ಸುಣ್ಣ ಕೊಡದೆ ಬಿಟ್ಟ ತಾಕುಗಳಲ್ಲಿ ರಸಸಾರ 4ಕ್ಕಿಂತಲೂ ಕೆಳಗಿಳಿದು, ಎರಡು ಮೂರು ಜಾತಿಗಳು ಮಾತ್ರ ಉಳಿದವು. ಅಲ್ಲಿ ಎರೆಹುಳುಗಳಿಲ್ಲ. ಸತ್ತ ಹುಲ್ಲು ಕೊಳೆಯದೆ ನೆಲದ ಮೇಲೆ ಚಾಪೆಯಂತೆ ದಪ್ಪನಾಗಿ ಕುಳಿತಿದೆ. ಕೊಳೆಯಿಸುವವರೇ ಇಲ್ಲದಾಗ ಸತ್ತುದು ಹೇಗೆ ಮಣ್ಣಾದೀತು?

ಈ ಪ್ರಯೋಗದ ನಿಜವಾದ ಪಾಠ ಇನ್ನು ಮುಂದಿದೆ. ಅಷ್ಟೇ ಸಾರಜನಕವನ್ನು ಸೋಡಿಯಂ ನೈಟ್ರೇಟಿನ ರೂಪದಲ್ಲಿ ಪಡೆದ ತಾಕುಗಳು ಹುಳಿಯಾಗಲಿಲ್ಲ. 1903ರಿಂದ ಹೆಚ್ಚಿನ ತಾಕುಗಳ ಅರ್ಧಭಾಗಕ್ಕೆ ಕ್ರಮವಾಗಿ ಸುಣ್ಣ ಹಾಕಲಾಯಿತು. ಆ ಭಾಗಗಳಲ್ಲಿ ಹುಳಿ ತಗ್ಗಿ ಹೆಚ್ಚು ಜಾತಿಯ ಸಸ್ಯಗಳು ನೆಲೆ ನಿಂತವು. ಅಂದರೆ ಮಣ್ಣಿನ ಜೀವವನ್ನು ತೆಗೆದುದು ಸಾರಜನಕವಲ್ಲ; ಅದು ಬಿಟ್ಟುಹೋದ ಹುಳಿ.

ನಮ್ಮ ದೇಶದಲ್ಲಿಯೂ ಇಂತಹ ಸಾಕ್ಷ್ಯಗಳಿವೆ. ಕೊಯಮತ್ತೂರಿನ ಶಾಶ್ವತ ಗೊಬ್ಬರ ಪ್ರಯೋಗ ನಮ್ಮ ಕಾಸರಗೋಡು ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, 1909ರಲ್ಲಿ ಆರಂಭವಾದುದು. ಭಾರತೀಯ ಕೃಷಿ ಸಂಶೋಧನಾ ಮಂಡಳಿಯು 1970ರಲ್ಲಿ ದೀರ್ಘಾವಧಿ ಗೊಬ್ಬರ ಪ್ರಯೋಗಗಳ ಅಖಿಲ ಭಾರತ ಯೋಜನೆಯನ್ನು ಕೈಗೊಂಡಿತು. ಅದರ ಕೇಂದ್ರಗಳಲ್ಲೊಂದಾದ ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ರಾಗಿ ಮತ್ತು ಮೆಕ್ಕೆಜೋಳದ ಬೆಳೆಗಳಿಗೆ ಸಾರಜನಕವನ್ನು ಮಾತ್ರ ಕೊಡುತ್ತ ಬಂದ ತಾಕುಗಳು ಹುಳಿಯೇರಿ ಇಳುವರಿ ಕುಸಿಯಿತು. ಸಮತೋಲನದ ಗೊಬ್ಬರದೊಡನೆ ಹಟ್ಟಿಗೊಬ್ಬರವನ್ನೋ ಸುಣ್ಣವನ್ನೋ ಸೇರಿಸಿದ ತಾಕುಗಳು ತಲೆಯೆತ್ತಿ ನಿಂತವು. ಹುಲ್ಲು ಇಂಗ್ಲೆಂಡಿನದು, ರಾಗಿ ಬೆಂಗಳೂರಿನದು. ತೀರ್ಪು ಮಾತ್ರ ಒಂದೇ.

ಉಪವಾಸ ಬಿದ್ದ ಮಣ್ಣು

ಹುಳಿ ಒಂದು ಕಾರಣವಾದರೆ ಹಸಿವು ಇನ್ನೊಂದು. ಮೇವಿನ ಬೆಳೆಗೂ ಇತರ ಬೆಳೆಗಳಿಗೂ ದೊಡ್ಡದೊಂದು ವ್ಯತ್ಯಾಸವಿದೆ. ಭತ್ತದಲ್ಲಿ ಕೂಳೆ ಉಳಿಯುತ್ತದೆ. ಅಡಿಕೆ ತೆಂಗುಗಳಲ್ಲಿ ಸೋಗೆ, ಮಡಲು ಬುಡಕ್ಕೇ ಬೀಳುತ್ತವೆ. ಮೇವಿನ ಹುಲ್ಲಿನಲ್ಲಿ ಕಾಂಡ, ಎಲೆ ಎಲ್ಲವೂ ಕತ್ತಿಯ ಪಾಲು.

ಸಣ್ಣದೊಂದು ಗಣಿತ ಮಾಡಿ ನೋಡೋಣ. 25 ಸೆಂಟ್ಸ್ ಜಾಗದಿಂದ ವರ್ಷಕ್ಕೆ 20 ಟನ್ ಹಸುರು ಹುಲ್ಲು ಕೊಯ್ದೆವೆಂದು ಇಟ್ಟುಕೊಳ್ಳಿ. ಅದರಲ್ಲಿ ಐದನೆಯ ಒಂದು ಪಾಲು ಒಣವಸ್ತುವಾದರೆ 4 ಟನ್. ಒಣವಸ್ತುವಿನಲ್ಲಿ ಸಾರಜನಕ ಶೇಕಡಾ ಒಂದೂವರೆ, ಪೊಟ್ಯಾಸಿಯಂ ಶೇಕಡಾ ಎರಡು ಎಂದು ಹಿಡಿದರೆ ಆ ತುಂಡು ಭೂಮಿಯಿಂದ ಹಟ್ಟಿಗೆ ಹೋದುದು 60 ಕಿಲೋ ಸಾರಜನಕ, 80 ಕಿಲೋ ಪೊಟ್ಯಾಸಿಯಂ. ಆ ಸಾರಜನಕಕ್ಕೆ ಸಮನಾಗಬೇಕಾದರೆ 130 ಕಿಲೋ ಯೂರಿಯಾ ಬೇಕು. ಯೂರಿಯಾ ಚೀಲ ತಂದು ಸುರಿದರೆ ಸಾರಜನಕ ಹಿಂದೆ ಬಂದೀತು. ಪೊಟ್ಯಾಷ್ ಬಾರದು, ಸುಣ್ಣ ಬಾರದು, ಮೆಗ್ನೀಸಿಯಂ ಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಸೂಕ್ಷ್ಮಜೀವಿಗಳ ಊಟವಾದ ಇಂಗಾಲದ ರಾಶಿ ಬಾರದು.

ಹಾಗಾದರೆ ಹಟ್ಟಿಗೆ ಹೋದುದು ಎಲ್ಲಿ ಹೋಯಿತು? ಹಸು ತಿಂದ ಸಾರಜನಕದ ಸುಮಾರು ಕಾಲಂಶ ಮಾತ್ರ ಹಾಲಿಗೆ ಸಲ್ಲುತ್ತದೆ. ಸುಮಾರು ಮುಕ್ಕಾಲಂಶ ಸೆಗಣಿ ಮತ್ತು ಗಂಜಳದಲ್ಲಿ ಹೊರಬರುತ್ತದೆ. ಪೊಟ್ಯಾಸಿಯಮಿನ ಬಹುಪಾಲು ಗಂಜಳದಲ್ಲಿದೆ. ಹಿಂದೆ ಹಟ್ಟಿಗೆ ದಿನವೂ ಸೊಪ್ಪು ಹಾಸುತ್ತಿದ್ದರು. ಆ ಸೊಪ್ಪು ಗಂಜಳವನ್ನು ಹೀರಿಕೊಂಡು, ಸೆಗಣಿಯೊಡನೆ ಬೆರೆತು ಗೊಬ್ಬರವಾಗುತ್ತಿತ್ತು. ಇಂದು ಹಟ್ಟಿಯ ನೆಲ ಸಿಮೆಂಟಿನದು. ನೀರು ಹಾಯಿಸಿ ತೊಳೆದರೆ ಕೆಲಸ ಮುಗಿಯಿತು. ಗಂಜಳ ಚರಂಡಿಗೆ, ಸೆಗಣಿ ಅಡಿಕೆ ತೋಟಕ್ಕೆ, ಹುಲ್ಲಿಗೆ ಯೂರಿಯಾ. ಅಡಿಕೆಗೆ ಬೆಲೆಯಿದೆ, ಹುಲ್ಲಿಗಿಲ್ಲ ಎಂಬುದು ಈ ವಿತರಣೆಯ ಹಿಂದಿನ ತರ್ಕ. ಆದರೆ ಗೊಬ್ಬರದ ಋಣವಿರುವುದು ಹುಲ್ಲಿಗೆ. ಹುಲ್ಲಿನ ತುಂಡಿನಿಂದ ಎತ್ತಿದ್ದನ್ನು ವರ್ಷಗಟ್ಟಲೆ ಬೇರೆ ತುಂಡಿಗೆ ಸಾಗಿಸಿದರೆ ಎತ್ತಿದಲ್ಲಿ ಮಣ್ಣು ಬರಿದಾಗದೆ ಇರದು.

ಈ ಚಕ್ರವನ್ನು ಪೂರ್ಣಗೊಳಿಸುವ ಬಗೆಯನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಹುಟ್ಟಿ, 1970ರಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾದ ನಮ್ಮ ಸಿ.ಪಿ.ಸಿ.ಆರ್.ಐ. ಕಾಸರಗೋಡಿನಲ್ಲಿಯೇ ಮಿಶ್ರಕೃಷಿಯ ಪ್ರಯೋಗಗಳನ್ನು ನಡೆಸಿದೆ. ತೆಂಗಿನ ನಡುವೆ ಮೇವಿನ ಹುಲ್ಲು, ಆ ಹುಲ್ಲಿನಿಂದ ಹಸು, ಸೆಗಣಿಯಿಂದ ಗೋಬರ್ ಗ್ಯಾಸ್, ಅದರ ಸ್ಲರಿ ಮರಳಿ ತೋಟಕ್ಕೆ. ತೆಂಗಿನ ಗರಿಯನ್ನು ಎರೆಹುಳುಗಳಿಂದ ಗೊಬ್ಬರ ಮಾಡಿಸುವ ವಿಧಾನವನ್ನೂ ಆ ಸಂಸ್ಥೆ ರೂಪಿಸಿ ಕೃಷಿಕರಿಗೆ ತಿಳಿಸಿಕೊಟ್ಟಿದೆ.

ಮಣ್ಣಿನ ಕಾಯಿಲೆ ಹಟ್ಟಿಗೆ

ಹಸುವನ್ನು ಸಾಕುವುದೆಂದರೆ ಅದರ ಹೊಟ್ಟೆಯ ಸೂಕ್ಷ್ಮಜೀವಿಗಳನ್ನು ಸಾಕುವುದು. ಹುಲ್ಲನ್ನು ಸಾಕುವುದೆಂದರೆ ಮಣ್ಣಿನ ಸೂಕ್ಷ್ಮಜೀವಿಗಳನ್ನು ಸಾಕುವುದು. ಒಂದು ಕೆಟ್ಟರೆ ಇನ್ನೊಂದಕ್ಕೆ ಅಪಾಯ ತಪ್ಪಿದ್ದಲ್ಲ. ಯೂರಿಯಾ ಅತಿಯಾದಾಗ, ವಿಶೇಷವಾಗಿ ಬಿಸಿಲಿಗೆ ಬಾಡಿ ಮಳೆಬಿದ್ದೊಡನೆ ಚಿಗುರಿದ ಎಳೆ ಹುಲ್ಲಿನಲ್ಲಿ, ನೈಟ್ರೇಟ್ ಸಂಗ್ರಹವಾಗುತ್ತದೆ. ಹಸುವಿನ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕವನ್ನು ಒಯ್ಯಲಾರದು. ರಕ್ತ ಕಂದುಬಣ್ಣಕ್ಕೆ ತಿರುಗಿ, ಉಸಿರು ಕಟ್ಟಿ, ಹಸು ಸಾಯುವುದೂ ಉಂಟು. ಸಾರಜನಕ, ಪೊಟ್ಯಾಷ್‌ಗಳನ್ನು ಮಿತಿಮೀರಿ ಹಾಕಿದಾಗ ಹುಲ್ಲಿನಲ್ಲಿ ಮೆಗ್ನೀಸಿಯಂ ಕಡಿಮೆಯಾಗಿ ಕರೆಯುವ ಹಸುಗಳಿಗೆ ನಡುಕ, ಸೆಳೆತ ಬರುವುದೂ ಪಶುವೈದ್ಯರಿಗೆ ತಿಳಿದ ವಿಷಯ. ಒಂದೆರಡು ಹಸುಗಳನ್ನೇ ನಂಬಿದ ಮನೆಗೆ ಒಂದು ಹಸುವಿನ ನಷ್ಟ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ಮಾಡಬೇಕಾದುದೇನು?

ಮೊದಲನೆಯದಾಗಿ, ಹುಲ್ಲಿನ ಜಾಗದ ಮಣ್ಣನ್ನು ತೋಟದ ಮಣ್ಣಿನೊಡನೆ ಬೆರಸದೆ ಬೇರೆಯಾಗಿಯೇ ಪರೀಕ್ಷೆಗೆ ಕೊಡಬೇಕು. ಕೃಷಿ ಭವನದ ಮೂಲಕ ಇದನ್ನು ಮಾಡಿಸಬಹುದು.

ಎರಡನೆಯದಾಗಿ, ವರದಿ ಹೇಳಿದ ಪ್ರಮಾಣದಲ್ಲಿ ಸುಣ್ಣವನ್ನೋ, ಮೆಗ್ನೀಸಿಯಮನ್ನೂ ಕೊಡುವ ಡೋಲೊಮೈಟನ್ನೋ ಹಾಕಬೇಕು. ಸುಣ್ಣವನ್ನು ಯೂರಿಯಾದೊಡನೆ ಅಥವಾ ಹಸಿ ಸೆಗಣಿಯೊಡನೆ ಬೆರಸಕೂಡದು. ಬೆರಸಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಎರಡಕ್ಕೂ ನಡುವೆ ಎರಡು ವಾರಗಳ ಅಂತರವಿರಲಿ.

ಮೂರನೆಯದಾಗಿ, ಹಟ್ಟಿಯ ಗಂಜಳ ಮತ್ತು ತೊಳೆದ ನೀರು ಹುಲ್ಲಿನ ಬುಡಕ್ಕೇ ಹರಿಯುವಂತೆ ಕಣಿ ತೋಡಬೇಕು. ಹಟ್ಟಿಗೊಬ್ಬರದ ಒಂದು ಪಾಲನ್ನು ಹುಲ್ಲಿಗೆ ಮೀಸಲಿಡಬೇಕು.

ನಾಲ್ಕನೆಯದಾಗಿ, ಹುಲ್ಲಿನ ಸಾಲುಗಳ ನಡುವೆ ಅಲಸಂಡೆಯನ್ನೋ, ಹುಳಿ ಮಣ್ಣನ್ನು ತಾಳಿಕೊಳ್ಳುವ ಸ್ಟೈಲೋ ಎಂಬ ದ್ವಿದಳ ಮೇವನ್ನೋ ಬೆಳೆಸಬೇಕು. ಬೇಲಿಗೆ ಗ್ಲಿರಿಸಿಡಿಯಾ ನೆಟ್ಟರೆ ಸೊಪ್ಪೂ ದೊರೆಯುತ್ತದೆ.

ಐದನೆಯದಾಗಿ, ಯೂರಿಯಾವನ್ನು ಬಿಡಲೇಬೇಕೆಂದಲ್ಲ. ಇಷ್ಟೆಲ್ಲ ಮಾಡಿದ ಮೇಲೆ ಕೊರತೆ ಬಿದ್ದಷ್ಟನ್ನು, ಒಂದೊಂದು ಕೊಯ್ಲಿಗೂ ಸ್ವಲ್ಪಸ್ವಲ್ಪವಾಗಿ, ಮಣ್ಣಿನಲ್ಲಿ ತೇವವಿರುವಾಗ ಕೊಡಬೇಕು. ಗೊಬ್ಬರದ ಚೀಲ ಪಲ್ಯಕ್ಕೆ ಉಪ್ಪಿನಂತೆ, ಉಪ್ಪೇ ಊಟವಾಗಬಾರದು.

ಮಕ್ಕಳ ಕೈಗೊಂದು ಪಾಠ

ಮಣ್ಣಿನ ಜೀವವನ್ನು ಅಳೆಯಲು ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ಮಳೆಗಾಲದ ಕೊನೆಯಲ್ಲಿ ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ, ಆ ಮಣ್ಣಿನಲ್ಲಿರುವ ಎರೆಹುಳುಗಳನ್ನು ಎಣಿಸಿ ಬರೆದಿಡಬಹುದು. ಹತ್ತಿ ಬಟ್ಟೆಯ ತುಂಡೊಂದನ್ನು ಹುಲ್ಲಿನ ಬುಡದಲ್ಲಿಯೂ ಇನ್ನೊಂದನ್ನು ತೋಟದ ಮಣ್ಣಿನಲ್ಲಿಯೂ ಹೂತಿಟ್ಟು, ಎರಡು ತಿಂಗಳ ಬಳಿಕ ಯಾವುದು ಹೆಚ್ಚು ಕರಗಿದೆ ಎಂದು ನೋಡಬಹುದು. ಅಲಸಂಡೆಯ ಗಿಡವನ್ನು ಕಿತ್ತು ಬೇರಿನ ಗಂಟನ್ನು ಉಗುರಿನಿಂದ ಸೀಳಬಹುದು. ಒಳಗೆ ನಸುಗೆಂಪು ಇದ್ದರೆ ಬ್ಯಾಕ್ಟೀರಿಯಾಗಳು ದುಡಿಯುತ್ತಿವೆ ಎಂದರ್ಥ. ನಮ್ಮ ಶಾಲೆಯ ಮಕ್ಕಳು ತಮ್ಮ ಮನೆಗಳ ಹುಲ್ಲಿನ ಜಾಗದಲ್ಲಿ ಪ್ರತಿವರ್ಷವೂ ಇದನ್ನು ಮಾಡಿ ಒಂದು ದಾಖಲೆ ಪುಸ್ತಕದಲ್ಲಿ ಬರೆದಿಡುವಂತಾದರೆ, ಇನ್ನೈವತ್ತು ವರ್ಷಗಳ ಬಳಿಕ ಅದು ಈ ಸೀಮೆಗೊಂದು ಅಮೂಲ್ಯವಾದ ಸಾಕ್ಷಿಯಾದೀತು. ಮಣ್ಣು ಪರೀಕ್ಷೆಯ ವರದಿ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇದ್ದಾಗ, ಕನ್ನಡವನ್ನಷ್ಟೇ ಓದಬಲ್ಲ ನೆರೆಮನೆಯ ಹಿರಿಯರಿಗೆ ಅದನ್ನು ಓದಿ ಹೇಳುವ ಕೆಲಸವನ್ನೂ ಈ ಮಕ್ಕಳು ಮಾಡಬಹುದು. ಕಲಿತ ವಿದ್ಯೆ ಊರಿಗೆ ಸಲ್ಲುವ ಬಗೆ ಇದಕ್ಕಿಂತ ಬೇರೆ ಯಾವುದಿದೆ?

ಮಂಗಳೂರು, ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ ಹಳೆ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಊರಿನ ಮನೆಗೆ ಬಂದಾಗ ತೋಟದ ಇಳುವರಿಯನ್ನು ವಿಚಾರಿಸುವಂತೆ ಹಟ್ಟಿಯ ಹಿಂದಿನ ಹುಲ್ಲಿನ ಜಾಗವನ್ನೂ ಒಮ್ಮೆ ನೋಡಿರಿ. ಅಲ್ಲಿಯ ಮಣ್ಣಿಗೆ ಕಳೆದ ವರ್ಷ ಏನು ಸಂದಿತು ಎಂದು ಮನೆಯವರನ್ನು ಕೇಳಿರಿ. ಹಟ್ಟಿಗಳು ಒಂದೊಂದಾಗಿ ಬರಿದಾಗುತ್ತಿರುವ ಈ ಕಾಲದಲ್ಲಿ ಉಳಿದಿರುವ ಹಸುಗಳಿಗೆ ಮೇವು ಕೊಡುವ ಶಕ್ತಿ ಆ ತುಂಡು ಭೂಮಿಯಲ್ಲಿ ಉಳಿಯಬೇಕಾದರೆ, ಅದರಿಂದ ಎತ್ತಿದುದನ್ನು ಅದಕ್ಕೇ ಹಿಂದಿರುಗಿಸುವ ಹಳೆಯ ನೀತಿಯೊಂದೇ ದಾರಿ. ಹುಳಿ ತೆಗೆಯಲು ಸುಣ್ಣ, ಹಸಿವು ನೀಗಲು ಹಟ್ಟಿಗೊಬ್ಬರ. ಇವೆರಡೂ ನಮ್ಮ ಕೈಗೆಟುಕುವ ವಸ್ತುಗಳೇ.